ನಿಮಗಿದು ಗೊತ್ತೇ? ಗ್ಯಾಸ್ ಪೈಪ್ ರಿಪೇರಿಯಾದ ಮೇಲೆ ಗೀಸರ್ ಹಠ ಹಿಡಿಯುವುದೇಕೆ?

● ಕೋಲಾರದ ಚಿನ್ನದ ಗಣಿಯೂರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಆಳ 3 ಕಿಲೋಮೀಟರಿಗೂ ಹೆಚ್ಚು. ತಳದಲ್ಲಿ ಬಂಡೆಯ ಶಾಖವೇ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಸ್ನಾನದ ನೀರಿಗೆ 40 ಡಿಗ್ರಿ ಸಾಕು! ಕೆಜಿಎಫ್ ಗಣಿಗಳಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು.

● 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್‌ಗೆ ವಿದ್ಯುತ್ ತಂದರು. ಗಣಿಯ ಹಬೆ ಬಾಯ್ಲರ್‌ಗಳ ಕೆಲಸ ಒಂದೊಂದಾಗಿ ಕರೆಂಟಿನ ಪಾಲಾಯಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಕೆಜಿಎಫ್‌ಗಿಂತ ಮೂರು ವರ್ಷ ತಡವಾಗಿ.

● ಕರೆಂಟ್ ಬಂದರೂ ಬಚ್ಚಲುಮನೆಯಲ್ಲಿ ಬೆಂಕಿ ಮಾತ್ರ ಉಳಿದೇ ಇತ್ತು. ಮೊದಲು ಹಂಡೆ ಒಲೆ, ಆಮೇಲೆ ತಾಮ್ರದ ಬಾಯ್ಲರ್. ಬಾಯ್ಲರ್‌ನ ನಡುವೆ ಹೊಗೆ ಕೊಳವೆ, ಸುತ್ತಲೂ ನೀರು. ಹೊಗೆ ಮೇಲೇರುವಾಗ ದಾರಿಯಲ್ಲೇ ನೀರನ್ನು ಕಾಯಿಸುತ್ತದೆ. ಗ್ಯಾಸ್ ಗೀಸರ್‌ನ ಒಳಗೂ ಬಿಸಿಗಾಳಿ ತಾಮ್ರವನ್ನು ಸವರಿಕೊಂಡೇ ಹೊರಹೋಗುತ್ತದೆ.

● ಹಳೆಯ ಮಾದರಿಯ ಗ್ಯಾಸ್ ಗೀಸರ್‌ನಲ್ಲಿ ಸದಾ ಉರಿಯುವ ಒಂದು ಪುಟ್ಟ ಜ್ವಾಲೆ ಇರುತ್ತದೆ. ಅದೇ ಪೈಲಟ್. ನಲ್ಲಿ ತಿರುಗಿಸಿದಾಗ ದೊಡ್ಡ ಬರ್ನರ್‌ಗೆ ಕಿಡಿ ಮುಟ್ಟಿಸುವುದು ಅದರ ಕೆಲಸ.

● ಪೈಲಟ್ ಹೊತ್ತಿಸಿದ ಮೇಲೂ ಗುಂಡಿಯನ್ನು ಸುಮಾರು ಅರ್ಧ ನಿಮಿಷ ಒತ್ತಿಯೇ ಹಿಡಿದಿರಬೇಕು. ಏಕೆ? ಜ್ವಾಲೆಗೆ ತಾಗಿದಂತೆ ಥರ್ಮೋಕಪಲ್ ಎಂಬ ಕಡ್ಡಿ ಇದೆ. ಎರಡು ಬೇರೆ ಬೇರೆ ಲೋಹಗಳ ಬೆಸುಗೆ ಬಿಸಿಯಾದರೆ ವಿದ್ಯುತ್ ಹುಟ್ಟುತ್ತದೆ. 1821ರಲ್ಲಿ ಥಾಮಸ್ ಸೀಬೆಕ್ ಕಂಡುಕೊಂಡ ಪರಿಣಾಮವಿದು. ಕೆಲವೇ ಮಿಲಿವೋಲ್ಟ್‌ನ ಈ ಕರೆಂಟ್ ಗ್ಯಾಸ್ ವಾಲ್ವನ್ನು ತೆರೆದು ಹಿಡಿಯುತ್ತದೆ. ಜ್ವಾಲೆ ಆರಿದರೆ ಕಡ್ಡಿ ತಣ್ಣಗಾಗಿ ವಾಲ್ವ್ ತಾನಾಗಿ ಮುಚ್ಚಿಕೊಳ್ಳುತ್ತದೆ.

● ಪೈಪ್ ಕೆಲಸವಾದ ಮೇಲೆ ಪೈಲಟ್ ಹೊತ್ತದಿದ್ದರೆ ಮೊದಲ ಗುಮಾನಿ ಗಾಳಿಯ ಮೇಲೆ. ಸಿಲಿಂಡರನ್ನು ಹೊರಗಿಟ್ಟು ಒಳಕ್ಕೆ ಪೈಪ್ ಎಳೆಸಿದ್ದೀರಾ? ಒಳವ್ಯಾಸ 15 ಮಿಲಿಮೀಟರ್ ಇರುವ 10 ಮೀಟರ್ ಪೈಪಿನಲ್ಲಿ ಸುಮಾರು ಒಂದೂಮುಕ್ಕಾಲು ಲೀಟರ್ ಗಾಳಿ ತುಂಬಿರುತ್ತದೆ. ಅಷ್ಟೂ ಪೈಲಟ್‌ನ ಸೂಜಿರಂಧ್ರದಿಂದ ಹೊರಬೀಳುವ ತನಕ ಜ್ವಾಲೆ ಬಾರದು. ಹೀಗಾಗಿ ಮೆಕ್ಯಾನಿಕ್ ಮೊದಲು ಸೋರಿಕೆ ಪರೀಕ್ಷಿಸಿ, ಕಿಟಕಿ ತೆರೆಸಿ, ಪೈಪಿನ ಗಾಳಿ ಬಿಡುತ್ತಾರೆ. ಅದು ಅವರದೇ ಕೆಲಸ, ನಮ್ಮದಲ್ಲ.

● ಒಮ್ಮೆ ಹೊತ್ತದಿದ್ದರೆ ಗುಂಡಿ ಬಂದ್ ಮಾಡಿ ಐದು ನಿಮಿಷವಾದರೂ ಕಾಯಬೇಕು. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ್ದು ಮೇಲೇರದೆ ನೆಲದಲ್ಲಿ, ಮೋರಿಯಲ್ಲಿ ಕೂರುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ. 2ರಷ್ಟಾದರೂ ಕಿಡಿಗೆ ಸಾಕು.

● ಸೋರಿಕೆ ನೋಡಲು ಕಡ್ಡಿ ಗೀರಬಾರದು. ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಅಲ್ಲೇ ತೂತು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲವೆನ್ನಬಹುದು. ಮೂಗಿಗೆ ಬಡಿಯುವುದು ಬೇಕೆಂದೇ ಬೆರೆಸಿದ ಮರ್‌ಕ್ಯಾಪ್ಟನ್.

● ನಮ್ಮ ಕಡೆಯ ಬಹಳಷ್ಟು ಗ್ಯಾಸ್ ಗೀಸರ್‌ಗಳಲ್ಲಿ ಪೈಲಟ್ಟೇ ಇಲ್ಲ! ನಲ್ಲಿ ಬಿಟ್ಟಾಗ ನೀರಿನ ಒತ್ತಡ ಸ್ವಿಚ್ ಒತ್ತುತ್ತದೆ, ಬ್ಯಾಟರಿ ಟಕಟಕ ಕಿಡಿ ಹಾರಿಸುತ್ತದೆ. ಹತ್ತು ಮೀಟರ್ ಎತ್ತರದ ಟ್ಯಾಂಕ್ ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ 1 ಕಿಲೋ. ಒಂದೇ ಅಂತಸ್ತಿನ ಮನೆಯ ತಾರಸಿ ಟ್ಯಾಂಕ್‌ನಿಂದ ಅಷ್ಟು ಸಿಗದು. ಆದ್ದರಿಂದ ಗ್ಯಾಸನ್ನು ದೂರುವ ಮೊದಲು ಬ್ಯಾಟರಿ, ನೀರಿನ ರಭಸ ಎರಡನ್ನೂ ನೋಡಿ.

● ಹಿಂದೆ ಕಲ್ಲಿದ್ದಲು ಗಣಿಗಳಲ್ಲಿ ಜ್ವಾಲೆಯೇ ಗಾಳಿಯ ಕಾವಲುಗಾರನಾಗಿತ್ತು. 1815ರ ಡೇವಿ ದೀಪದ ಜ್ವಾಲೆ ಮೀಥೇನ್ ಇದ್ದರೆ ನೀಲಿ ಟೋಪಿ ತೊಡುತ್ತಿತ್ತು, ಆಮ್ಲಜನಕ ತಗ್ಗಿದರೆ ಮಂಕಾಗುತ್ತಿತ್ತು. ಕೆಜಿಎಫ್ ಗಟ್ಟಿಬಂಡೆಯ ಗಣಿ. ಇಲ್ಲಿನ ದೊಡ್ಡ ಭಯ ಒತ್ತಡಕ್ಕೆ ಬಂಡೆಯೇ ಸಿಡಿಯುವುದಾಗಿತ್ತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಈ ಊರಿನಲ್ಲೇ.

● ಕೆಲವು ಗ್ಯಾಸ್ ಹೀಟರ್‌ಗಳ ಪೈಲಟ್ ಇಂದಿಗೂ ಡೇವಿ ದೀಪದಂತೆ ಕಾವಲು ಕಾಯುತ್ತದೆ. ಕೋಣೆಯ ಆಮ್ಲಜನಕ ಶೇ. 21ರಿಂದ ಸುಮಾರು 18ಕ್ಕೆ ಇಳಿದರೆ ಜ್ವಾಲೆ ಥರ್ಮೋಕಪಲ್‌ನಿಂದ ದೂರ ಸರಿದು ಗ್ಯಾಸ್ ನಿಲ್ಲುತ್ತದೆ. ಪದೇ ಪದೇ ಆರುವ ಪೈಲಟನ್ನು ಬಲವಂತದಿಂದ ಹೊತ್ತಿಸಬೇಡಿ.

● ನೀಲಿ ಜ್ವಾಲೆ ಒಳ್ಳೆಯದು. ಹಳದಿಯಾದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಬರುತ್ತಿರಬಹುದು. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬಾಗಿಲು ಮುಚ್ಚಿದ ಬಚ್ಚಲುಮನೆಯೊಳಗೆ ಗ್ಯಾಸ್ ಗೀಸರ್ ಬೇಡವೇ ಬೇಡ.

● ಕೆಜಿಎಫ್‌ನಿಂದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವವರು ಅಲ್ಲಿಗೇ ಮನೆ ಬದಲಿಸಿದರೆ ಗಮನಿಸಿ: 2013ರಲ್ಲಿ ದಾಭೋಳ್–ಬೆಂಗಳೂರು ಕೊಳವೆ ಮಾರ್ಗದಿಂದ ಅಲ್ಲಿಗೆ ಬಂದದ್ದು ನೈಸರ್ಗಿಕ ಅನಿಲ. ಅದು ಗಾಳಿಗಿಂತ ಹಗುರ, ಸೋರಿದರೆ ಚಾವಣಿಗೆ ಏರುತ್ತದೆ. ಎಲ್‌ಪಿಜಿ ಒಲೆ, ಗೀಸರ್‌ಗಳ ಜೆಟ್ ಬದಲಿಸದೆ ಅದಕ್ಕೆ ಜೋಡಿಸುವಂತಿಲ್ಲ.

● ಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಸ್ವಿಚ್ ಹಾಕಲೂಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬನ್ನಿ. ಎಲ್‌ಪಿಜಿ ಸೋರಿಕೆಗೆ ದೇಶದಾದ್ಯಂತ ಸಹಾಯವಾಣಿ 1906. ಫೋನ್ ಮಾಡುವುದೂ ಅಂಗಳಕ್ಕೆ ಬಂದ ಮೇಲೆಯೇ!