ಆಳನ್ನು ಕಾಯಬೇಕೇ, ಜಾಗವನ್ನು ಕಾಯಬೇಕೇ?

ಬೆಂಗಳೂರು: ನಮ್ಮ ಮೆಟ್ರೊದ ನೇರಳೆ ಮಾರ್ಗದಲ್ಲಿ ಕೆಂಗೇರಿಯತ್ತ ಹೊರಟವರಿಗೆ ನಾಯಂಡಹಳ್ಳಿಯ ನಂತರ ಜ್ಞಾನಭಾರತಿ ಎಂಬ ನಿಲ್ದಾಣ ಸಿಗುತ್ತದೆ. ಅಲ್ಲಿಂದ ಅನತಿ ದೂರದಲ್ಲಿ, ವಿಶ್ವವಿದ್ಯಾಲಯದ ಆವರಣದ ಮಗ್ಗುಲಲ್ಲಿಯೇ, ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ದಕ್ಷಿಣ ಕೇಂದ್ರವಿದೆ. ರಾಷ್ಟ್ರೀಯ ಹಾಕಿ ತಂಡಗಳು ವರ್ಷದ ಬಹುಭಾಗ ಅಭ್ಯಾಸ ನಡೆಸುತ್ತ ಬಂದಿರುವುದು ಇಲ್ಲಿಯೇ. 2020ರ ಲಾಕ್‌ಡೌನ್ ತಿಂಗಳುಗಳನ್ನು ಆಟಗಾರರು ಇದೇ ಆವರಣದಲ್ಲಿ ಕಳೆದರು. ಮರುವರ್ಷ ಟೋಕಿಯೊದಲ್ಲಿ, 41 ವರ್ಷಗಳ ಅಂತರದ ಬಳಿಕ, ಪುರುಷರ ತಂಡ ಒಲಿಂಪಿಕ್ ಪದಕಕ್ಕೆ ಕೊರಳೊಡ್ಡಿತು.

ಗೋಲು ಹೊಡೆದವರ ಹೆಸರು ಮನೆಮಾತಾಗುತ್ತದೆ. ಆದರೆ ಗೋಲು ಬೀಳದಂತೆ ತಡೆದ ವ್ಯವಸ್ಥೆಯ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆ. ಎದುರಾಳಿ ತಂಡ ಚೆಂಡಿನೊಂದಿಗೆ ನುಗ್ಗಿ ಬರುವಾಗ ರಕ್ಷಣಾ ಆಟಗಾರನ ಮುಂದೆ ಇರುವುದು ಒಂದೇ ಮೂಲ ಪ್ರಶ್ನೆ: ನಾನು ಒಬ್ಬ ಆಟಗಾರನನ್ನು ಹಿಂಬಾಲಿಸಬೇಕೇ, ಅಥವಾ ಮೈದಾನದ ಒಂದು ಭಾಗವನ್ನು ಕಾಯಬೇಕೇ? ಮೊದಲನೆಯದಕ್ಕೆ ‘ಮ್ಯಾನ್ ಟು ಮ್ಯಾನ್’ ಎಂದೂ ಎರಡನೆಯದಕ್ಕೆ ‘ಝೋನ್’, ಅಂದರೆ ವಲಯ ರಕ್ಷಣೆ ಎಂದೂ ಹೆಸರು. ಹಾಕಿ, ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಎಲ್ಲದರಲ್ಲಿಯೂ ಈ ಪ್ರಶ್ನೆ ಇದೆ. ಅದನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಬೆಳೆಸಿರುವುದು ಮಾತ್ರ ಅಮೆರಿಕನ್ ಫುಟ್‌ಬಾಲ್.

ಬೆಂಗಾವಲು ಮತ್ತು ಸಿಗ್ನಲ್

ಎರಡರ ವ್ಯತ್ಯಾಸವನ್ನು ತಿಳಿಯಲು ವೆಸ್ಟ್ ಆಫ್ ಕಾರ್ಡ್ ರಸ್ತೆಯನ್ನು ನೆನೆಸಿಕೊಳ್ಳಬಹುದು. ಗಣ್ಯರೊಬ್ಬರ ಕಾರು ರಾಜಾಜಿನಗರದಿಂದ ವಿಜಯನಗರಕ್ಕೆ ಹೊರಟಿದೆ ಎನ್ನಿ. ಅದರ ಹಿಂದೆಯೇ ಬೆಂಗಾವಲು ವಾಹನವೊಂದು ಸಾಗುತ್ತದೆ. ಕಾರು ಎಲ್ಲಿ ತಿರುಗಿದರೂ ಅದೂ ತಿರುಗುತ್ತದೆ. ಇದು ಮ್ಯಾನ್ ಟು ಮ್ಯಾನ್. ಇನ್ನು ಮಾಗಡಿ ರಸ್ತೆ ಟೋಲ್‌ಗೇಟ್, ವಿಜಯನಗರ ಎಂದು ಒಂದೊಂದು ವೃತ್ತದಲ್ಲಿ ಒಬ್ಬೊಬ್ಬ ಸಂಚಾರ ಪೊಲೀಸ್ ಪೇದೆ ನಿಂತಿರುತ್ತಾರೆ. ಅವರು ಯಾವ ವಾಹನದ ಬೆನ್ನನ್ನೂ ಹತ್ತುವುದಿಲ್ಲ. ತಮ್ಮ ವೃತ್ತಕ್ಕೆ ಬಂದದ್ದನ್ನು ನೋಡಿಕೊಂಡು ಮುಂದಿನವರಿಗೆ ಒಪ್ಪಿಸುತ್ತಾರೆ. ಇದು ವಲಯ.

ಎರಡರ ದೌರ್ಬಲ್ಯವೂ ಇದೇ ಉದಾಹರಣೆಯಲ್ಲಿದೆ. ಮುಂದಿನ ಕಾರಿನ ಎಂಜಿನ್ ಹೆಚ್ಚು ಬಲಶಾಲಿಯಾಗಿದ್ದರೆ ಬೆಂಗಾವಲು ವಾಹನ ಹಿಂದುಳಿಯುತ್ತದೆ. ಎರಡು ವೃತ್ತಗಳ ನಡುವೆ ತಪ್ಪು ಮಾಡಿದ ಸವಾರ ಯಾವ ಪೇದೆಯ ಕಣ್ಣಿಗೂ ಬೀಳುವುದಿಲ್ಲ. ಒಂದೇ ವೃತ್ತಕ್ಕೆ ನಾಲ್ಕೂ ಕಡೆಯಿಂದ ವಾಹನಗಳು ಒಮ್ಮೆಲೇ ನುಗ್ಗಿದರೆ ಒಬ್ಬ ಪೇದೆಯ ಕೈ ಸಾಲದು.

ಅಮೆರಿಕದ ಪಾಠ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹನ್ನೊಂದು ಮಂದಿಯ ತಂಡ ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರ ಚೆಂಡನ್ನು ಮುಂದಕ್ಕೆ ಎಸೆಯುತ್ತಾನೆ. ರಿಸೀವರ್‌ಗಳು ಓಡಿ ಹಿಡಿಯುತ್ತಾರೆ. ಮ್ಯಾನ್ ಟು ಮ್ಯಾನ್ ಪದ್ಧತಿಯಲ್ಲಿ ಕಾರ್ನರ್‌ಬ್ಯಾಕ್ ಎಂಬ ರಕ್ಷಕ ತನಗೆ ವಹಿಸಿದ ರಿಸೀವರ್‌ನ ನೆರಳಾಗುತ್ತಾನೆ. ಆತನ ದೃಷ್ಟಿ ಇರುವುದು ಆ ಆಟಗಾರನ ಮೇಲೆಯೇ ಹೊರತು ಚೆಂಡಿನ ಮೇಲಲ್ಲ. ವಲಯ ಪದ್ಧತಿಯಲ್ಲಿ ರಕ್ಷಕರು ತಮ್ಮ ತಮ್ಮ ಭಾಗಕ್ಕೆ ಹಿಂದೆ ಸರಿದು ಕ್ವಾರ್ಟರ್‌ಬ್ಯಾಕ್‌ನ ಕಣ್ಣು, ಭುಜಗಳನ್ನೇ ಗಮನಿಸುತ್ತಾರೆ. ಮೈದಾನದ ಹಿಂಭಾಗವನ್ನು ಇಬ್ಬರು ಹಂಚಿಕೊಂಡರೆ ‘ಕವರ್ 2’, ಮೂವರು ಹಂಚಿಕೊಂಡರೆ ‘ಕವರ್ 3’.

ಎಸೆತಗಾರನಿಗೂ ಇದಕ್ಕೆ ಪ್ರತಿತಂತ್ರವಿದೆ. ಆಟ ಆರಂಭವಾಗುವ ಮೊದಲೇ ತನ್ನ ಆಟಗಾರನೊಬ್ಬನನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ನಡೆಸುತ್ತಾನೆ. ಒಬ್ಬ ರಕ್ಷಕ ಅವನ ಹಿಂದೆಯೇ ಬಂದರೆ ಅದು ಬಹುಮಟ್ಟಿಗೆ ಮ್ಯಾನ್ ಟು ಮ್ಯಾನ್. ಯಾರೂ ಕದಲದೆ ಸ್ವಲ್ಪ ಸರಿದು ನಿಂತರೆ ವಲಯ. ಆದ್ದರಿಂದ ರಕ್ಷಣಾ ತಂಡಗಳು ಒಂದನ್ನು ತೋರಿಸಿ ಇನ್ನೊಂದನ್ನು ಆಡುವ ವೇಷಗಾರಿಕೆಯನ್ನೂ ಕಲಿತಿವೆ.

ನಿಯಮಗಳೂ ಈ ತಕ್ಕಡಿಯನ್ನು ವಾಲಿಸುತ್ತವೆ. 1978ರಲ್ಲಿ ಎನ್‌ಎಫ್‌ಎಲ್, ಆರಂಭರೇಖೆಯಿಂದ ಐದು ಗಜಗಳಾಚೆ ರಿಸೀವರ್‌ನನ್ನು ತಳ್ಳಿ ತಡೆಯುವುದನ್ನು ನಿಷೇಧಿಸಿತು. ಮೈಗೆ ಮೈ ತಾಗಿಸಿ ಕಾಯುವವನ ಕೆಲಸ ಆಗ ಕಠಿಣವಾಯಿತು. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎ ಲೀಗ್‌ನಲ್ಲಂತೂ ವಲಯ ರಕ್ಷಣೆಗೆ ಅನುಮತಿ ದೊರೆತದ್ದೇ 2001-02ರ ಋತುವಿನಲ್ಲಿ.

ಹಾಕಿಯಲ್ಲಿ ಏಕೆ ಕಷ್ಟ?

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಪ್ರತಿ ಯತ್ನದ ನಂತರವೂ ಆಟ ನಿಲ್ಲುತ್ತದೆ. ಈ ಬಾರಿ ವಲಯವೋ, ಆಳೋ ಎಂದು ತರಬೇತುದಾರ ಪ್ರತಿಸಲವೂ ಹೊಸದಾಗಿ ತೀರ್ಮಾನಿಸಬಹುದು. ಹಾಕಿಯಲ್ಲಿ ಆ ಸೌಲಭ್ಯವಿಲ್ಲ. ಹದಿನೈದು ನಿಮಿಷಗಳ ಒಂದೊಂದು ಕ್ವಾರ್ಟರ್ ಹರಿಯುವ ನೀರಿನಂತೆ ಸಾಗುತ್ತದೆ. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಾಗುವ ನಿರ್ಧಾರವನ್ನು ಓಡುತ್ತಿರುವ ಆಟಗಾರರೇ, ಪರಸ್ಪರ ಕೂಗಿ ಹೇಳಿಕೊಂಡು, ಕ್ಷಣಾರ್ಧದಲ್ಲಿ ಕೈಗೊಳ್ಳಬೇಕು.

ಮೈದಾನದ ವಿಸ್ತಾರವೂ ಕಡಿಮೆಯೇನಲ್ಲ: 91.4 ಮೀಟರ್ ಉದ್ದ, 55 ಮೀಟರ್ ಅಗಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂದ ಬಳಿಕ ಚೆಂಡಿನ ವೇಗ ಹೆಚ್ಚಿತು. ತೊಂಬತ್ತರ ದಶಕದ ಉತ್ತರಾರ್ಧದಲ್ಲಿ ಆಫ್‌ಸೈಡ್ ನಿಯಮ ರದ್ದಾದಾಗ ಮುಂಚೂಣಿ ಆಟಗಾರ ಎದುರಾಳಿಯ ಗೋಲಿನ ಸಮೀಪವೇ ಕಾದು ನಿಲ್ಲುವ ಸ್ವಾತಂತ್ರ್ಯ ಪಡೆದ. ಅವನ ಬಳಿ ಒಬ್ಬ ರಕ್ಷಕನನ್ನು ಕಾವಲಿಗೆ ಬಿಡಲೇಬೇಕಾಯಿತು. ಅಷ್ಟರಮಟ್ಟಿಗೆ ನಡುಮೈದಾನ ತೆರವಾಯಿತು.

ಹೀಗಾಗಿ ಇಂದಿನ ಹಾಕಿ ಎರಡನ್ನೂ ಬೆರೆಸಿ ಆಡುವ ಆಟ. ಚೆಂಡು ದೂರದಲ್ಲಿರುವಾಗ ತಂಡ ವಲಯವಾಗಿ ನಿಲ್ಲುತ್ತದೆ. ಆಟಗಾರರು ಸಾಲುಸಾಲಾಗಿ ಹಿಂದೆ ಸರಿದು ಮಧ್ಯದ ದಾರಿಯನ್ನು ಮುಚ್ಚಿ, ಎದುರಾಳಿಯನ್ನು ಪಕ್ಕದ ಗೆರೆಯತ್ತ ದಬ್ಬುತ್ತಾರೆ. ಅಲ್ಲಿ ಗೆರೆಯೇ ಒಬ್ಬ ಹೆಚ್ಚುವರಿ ರಕ್ಷಕನಂತೆ ಕೆಲಸ ಮಾಡುತ್ತದೆ. ಚೆಂಡು 23 ಮೀಟರ್ ರೇಖೆ ದಾಟಿ ಗೋಲಿನ ವೃತ್ತವನ್ನು ಸಮೀಪಿಸಿದಾಗ ಚಿತ್ರ ಬದಲಾಗುತ್ತದೆ. ಅಲ್ಲಿ ಚೆಂಡಿಗೆ ಸ್ಟಿಕ್ಕಿನ ತುದಿ ಸೋಕಿದರೂ ಗೋಲಾಗಬಹುದಾದ್ದರಿಂದ ಪ್ರತಿಯೊಬ್ಬ ರಕ್ಷಕನೂ ಒಬ್ಬೊಬ್ಬ ಎದುರಾಳಿಯನ್ನು ಹಿಡಿಯಬೇಕು. ಗೋಲಿಗೂ ಆತನಿಗೂ ನಡುವೆ ನಿಂತು, ತನ್ನ ಸ್ಟಿಕ್ ಅವನ ಸ್ಟಿಕ್‌ಗಿಂತ ಮುಂದಿರುವಂತೆ ನೋಡಿಕೊಳ್ಳಬೇಕು. ನಡುವೆ ಅರ್ಧ ಹೆಜ್ಜೆ ತಡವಾದರೆ ಗೋಲು ಬಿದ್ದಂತೆಯೇ.

ಪೆನಾಲ್ಟಿ ಕಾರ್ನರ್‌ನಲ್ಲಿ ಈ ಬೆರಕೆ ಸ್ಪಷ್ಟವಾಗಿ ಕಾಣುತ್ತದೆ. ಗೋಲ್‌ಕೀಪರ್ ಸೇರಿ ಐವರು ಮಾತ್ರ ಗೋಲುರೇಖೆಯ ಹಿಂದೆ ನಿಲ್ಲಬಹುದು. ಅವರಲ್ಲಿ ಮೊದಲು ನುಗ್ಗುವವನು ನೇರವಾಗಿ ಹೊಡೆತಗಾರನತ್ತ ಓಡುತ್ತಾನೆ: ಅದು ಆಳು ಕಾಯುವ ಕೆಲಸ. ಉಳಿದವರು ಗೋಲಿನ ಅಂಚು, ಮರಳಿ ಚಿಮ್ಮುವ ಚೆಂಡು ಇವುಗಳನ್ನು ನೋಡಿಕೊಳ್ಳುತ್ತಾರೆ: ಅದು ಜಾಗ ಕಾಯುವ ಕೆಲಸ.

ಹತ್ತು ಮಂದಿಯ ಪರೀಕ್ಷೆ

ಈ ಸಿದ್ಧಾಂತವೆಲ್ಲ ಒಂದೇ ಪಂದ್ಯದಲ್ಲಿ ಒರೆಗೆ ಹತ್ತಿದ್ದು 2024ರ ಆಗಸ್ಟ್ 4ರಂದು, ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ. ಎದುರಾಳಿ ಗ್ರೇಟ್ ಬ್ರಿಟನ್. ಪಂದ್ಯದ 17ನೇ ನಿಮಿಷದಲ್ಲಿ ರಕ್ಷಣಾ ಆಟಗಾರ ಅಮಿತ್ ರೋಹಿದಾಸ್ ಅವರ ಸ್ಟಿಕ್ ಎದುರಾಳಿಯ ಮುಖಕ್ಕೆ ತಗುಲಿತು. ಅಂಪೈರ್ ಕೆಂಪು ಕಾರ್ಡ್ ತೋರಿಸಿದರು. ಉಳಿದ 43 ನಿಮಿಷ ಭಾರತ ಹತ್ತೇ ಮಂದಿಯೊಂದಿಗೆ ಆಡಬೇಕಾಯಿತು.

ಲೆಕ್ಕ ಸರಳ. ಗೋಲ್‌ಕೀಪರ್ ಬಿಟ್ಟರೆ ಭಾರತದ ಬಳಿ ಒಂಬತ್ತು ಮಂದಿ. ಬ್ರಿಟನ್ ಬಳಿ ಹತ್ತು. ಒಬ್ಬನಿಗೊಬ್ಬನಂತೆ ಹಿಡಿದರೆ ಒಬ್ಬ ಬ್ರಿಟಿಷ್ ಆಟಗಾರ ಸದಾ ಸ್ವತಂತ್ರನಾಗಿರುತ್ತಾನೆ. ಇಂತಹ ಸ್ಥಿತಿಯಲ್ಲಿ ಉಳಿಯುವ ದಾರಿ ವಲಯವೊಂದೇ: ಗೋಲಿನಿಂದ ದೂರ ಇರುವವನನ್ನು ಬಿಟ್ಟುಬಿಡಿ, ಅಪಾಯದ ಜಾಗವನ್ನು ಬಿಡಬೇಡಿ. ಮುಂಚೂಣಿ ಮತ್ತು ಮಧ್ಯದ ಆಟಗಾರರು ಹಿಂದೆ ಸರಿದು ವೃತ್ತದ ಸುತ್ತ ಕೋಟೆ ಕಟ್ಟಿದರು. 22ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಸಿಂಗ್ ಪೆನಾಲ್ಟಿ ಕಾರ್ನರ್‌ನಿಂದ ಗೋಲು ತಂದಿತ್ತರು. 27ನೇ ನಿಮಿಷದಲ್ಲಿ ಲೀ ಮಾರ್ಟನ್ ಅದನ್ನು ಸಮಗೊಳಿಸಿದರು. ನಂತರದ ಅರ್ಧ ಗಂಟೆಗೂ ಹೆಚ್ಚು ಕಾಲ ಬ್ರಿಟನ್ ದಾಳಿಯ ಮೇಲೆ ದಾಳಿ ನಡೆಸಿತು; ಗೋಲು ಮಾತ್ರ ದಕ್ಕಲಿಲ್ಲ. ಕೋಟೆ ದಾಟಿ ಬಂದ ಚೆಂಡುಗಳಿಗೆ ಪಿ.ಆರ್. ಶ್ರೀಜೇಶ್ ಅಡ್ಡನಿಂತರು. 1-1ರ ಬಳಿಕ ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು.

ಇದು ಆಕಸ್ಮಿಕವಲ್ಲ. 2023ರಲ್ಲಿ ತಂಡದ ಹೊಣೆ ಹೊತ್ತ ದಕ್ಷಿಣ ಆಫ್ರಿಕಾ ಮೂಲದ ತರಬೇತುದಾರ ಕ್ರೇಗ್ ಫುಲ್ಟನ್, ಗೆಲ್ಲಬೇಕಾದರೆ ಮೊದಲು ರಕ್ಷಿಸಬೇಕು ಎಂಬ ನೀತಿಯನ್ನು ಬಹಿರಂಗವಾಗಿಯೇ ಸಾರಿದ್ದರು. ದಾಳಿಯೇ ನಮ್ಮ ಪರಂಪರೆ ಎಂದು ನಂಬಿದ್ದ ಅಭಿಮಾನಿಗಳಿಗೆ ಅದು ರುಚಿಸಿರಲಿಲ್ಲ. ಆ ದಿನ ಪದಕದ ಆಸೆಯನ್ನು ಉಳಿಸಿದ್ದು ಅದೇ ನೀತಿ.

ಆದರೆ ವಲಯ ಎಲ್ಲಕ್ಕೂ ಮದ್ದಲ್ಲ ಎಂಬುದನ್ನು ಎರಡೇ ದಿನಗಳ ನಂತರದ ಸೆಮಿಫೈನಲ್ ತೋರಿಸಿತು. ಒಂದು ಪಂದ್ಯದ ನಿಷೇಧಕ್ಕೆ ಒಳಗಾಗಿದ್ದ ರೋಹಿದಾಸ್ ಅಂದು ಇರಲಿಲ್ಲ. ಪೆನಾಲ್ಟಿ ಕಾರ್ನರ್‌ಗಳಲ್ಲಿ ಹೊಡೆತಗಾರನತ್ತ ಮೊದಲು ನುಗ್ಗುವುದರಲ್ಲಿ ಅವರು ತಂಡದ ಅತ್ಯಂತ ನಂಬಿಕಸ್ಥ ಆಟಗಾರ. ಜರ್ಮನಿಯ ಮೊದಲ ಗೋಲು ಬಂದದ್ದು ಪೆನಾಲ್ಟಿ ಕಾರ್ನರ್‌ನಿಂದಲೇ. ಭಾರತ 2-3ರಿಂದ ಸೋತಿತು. ಆಗಸ್ಟ್ 8ರಂದು ಸ್ಪೇನ್ ವಿರುದ್ಧ 2-1ರಿಂದ ಗೆದ್ದು ಕಂಚಿಗೆ ತೃಪ್ತಿಪಟ್ಟಿತು. ಜಾಗ ಕಾಯುವವರು ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಹುದು. ಆಳು ಕಾಯುವವನ ಕೊರತೆಯನ್ನು ತುಂಬುವುದು ಅಷ್ಟು ಸುಲಭವಲ್ಲ.

ತಪ್ಪು ಯಾರದು?

ಇನ್ನೊಂದು ಸೂಕ್ಷ್ಮವಿದೆ. ಮ್ಯಾನ್ ಟು ಮ್ಯಾನ್‌ನಲ್ಲಿ ಗೋಲು ಬಿದ್ದರೆ ತಪ್ಪಿತಸ್ಥನ ಹೆಸರು ಕೂಡಲೇ ಗೊತ್ತಾಗುತ್ತದೆ: ಯಾರ ಆಳು ತಪ್ಪಿಸಿಕೊಂಡನೋ ಅವನದೇ ಹೊಣೆ. ವಲಯದಲ್ಲಿ ಗೋಲು ಬೀಳುವುದು ಬಹುತೇಕ ಇಬ್ಬರ ನಡುವಿನ ಗಡಿಯಲ್ಲಿ. ಆತ ಹಿಡಿಯುತ್ತಾನೆ ಎಂದು ಈತ, ಈತ ಹಿಡಿಯುತ್ತಾನೆ ಎಂದು ಆತ ಸುಮ್ಮನಿದ್ದ ಕ್ಷಣವೇ ಸಾಕು. ಆದ್ದರಿಂದ ವಲಯ ರಕ್ಷಣೆಯ ಜೀವಾಳ ಕಾಲಿನ ವೇಗವಲ್ಲ, ಮಾತು. ‘ನನ್ನದು’, ‘ನಿನ್ನದು’ ಎಂದು ಎಡೆಬಿಡದೆ ಹೇಳಿಕೊಳ್ಳುವ ತಂಡ ಮಾತ್ರ ಅದನ್ನು ನಿರ್ವಹಿಸಬಲ್ಲದು. ತಿಂಗಳುಗಟ್ಟಲೆ ಒಂದೇ ಕಡೆ ಊಟ, ವಾಸ, ಅಭ್ಯಾಸ ನಡೆಸುವ ಶಿಬಿರದ ಪ್ರಯೋಜನ ಇಲ್ಲಿಯೇ ಇರುವುದು.

ಮುಂದಿನ ಬಾರಿ ಟಿವಿಯಲ್ಲಿ ಪಂದ್ಯ ನೋಡುವಾಗ ಓದುಗರು ಒಂದು ಪ್ರಯೋಗ ಮಾಡಬಹುದು. ಚೆಂಡಿನಿಂದ ಕಣ್ಣು ಕಿತ್ತು, ಚೆಂಡಿಲ್ಲದ ಕಡೆ ನಿಂತ ಒಬ್ಬ ರಕ್ಷಕನನ್ನು ನೋಡಿ. ಎದುರಾಳಿ ಕದಲಿದಾಗ ಆತನೂ ಬೆನ್ನು ಹತ್ತಿದರೆ ಆಳು. ಕೈ ತೋರಿಸಿ ಪಕ್ಕದವನಿಗೆ ಏನೋ ಕೂಗಿ ನಿಂತಲ್ಲೇ ನಿಂತರೆ ಜಾಗ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹಾಕಿಯ ಜೊತೆಗೆ, ಅಮೆರಿಕನ್ ಫುಟ್‌ಬಾಲ್‌ನ ಐವರ ರೂಪವಾದ ಫ್ಲ್ಯಾಗ್ ಫುಟ್‌ಬಾಲ್ ಕೂಡ ಮೊದಲ ಬಾರಿಗೆ ಸ್ಥಾನ ಪಡೆದಿದೆ. ಎರಡೂ ಆಟಗಳಲ್ಲಿ ಈ ಒಂದು ಪ್ರಶ್ನೆ ಕಣ್ಣಿಗೆ ಬೀಳತೊಡಗಿದರೆ, ಅಪರಿಚಿತ ಆಟವೂ ಅರ್ಧ ಅರ್ಥವಾದಂತೆಯೇ.