ಮಹಿಳಾ ಉದ್ಯಮಿ ಮತ್ತು ವ್ಯವಹಾರ ಸಂಪರ್ಕ

ಉದ್ಯಮಕ್ಕೆ ಬಂಡವಾಳ ಬೇಕೆಂಬುದು ಸರ್ವವಿದಿತ. ಆದರೆ ಕಚ್ಚಾ ಮಾಲು ಯಾರಲ್ಲಿ ಅಗ್ಗ, ಯಾವ ಗಿರಾಕಿ ಹೇಳಿದ ದಿನಕ್ಕೆ ಹಣ ಪಾವತಿ ಮಾಡುತ್ತಾನೆ, ಸಾಲದ ಅರ್ಜಿಯೊಡನೆ ಯಾವ ಕಾಗದಪತ್ರಗಳಿರಬೇಕು ಎಂಬ ತಿಳಿವಳಿಕೆಯೂ ಒಂದು ಬಂಡವಾಳವೇ. ಪುರುಷರಿಗೆ ಇದು ಪೇಟೆಯ ಒಡನಾಟದಲ್ಲಿ, ವರ್ತಕರ ಸಂಘಗಳಲ್ಲಿ ಬಹುಮಟ್ಟಿಗೆ ತಾನಾಗಿಯೇ ಲಭಿಸುತ್ತದೆ. ಮನೆವಾರ್ತೆಯ ಹೊಣೆಯೊಂದಿಗೆ ಉದ್ಯಮಕ್ಕೆ ಇಳಿಯುವ ಮಹಿಳೆಗೆ ಅಂಥ ಒಡನಾಟಕ್ಕೆ ಸಮಯವೂ ಅವಕಾಶವೂ ಕಡಿಮೆ. ಆದುದರಿಂದ ಆಕೆ ಅದನ್ನು ಪ್ರಯತ್ನಪೂರ್ವಕವಾಗಿ ಸಂಪಾದಿಸಬೇಕಾಗುತ್ತದೆ.

ಸಂಘಟನೆಯ ನಿದರ್ಶನಗಳು

1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ತಯಾರಿಕೆಗೆ ತೊಡಗಿದರು. ಮೊದಲ ದಿನದ ಉತ್ಪಾದನೆ ಕೇವಲ ನಾಲ್ಕು ಪೊಟ್ಟಣ. ಅದೇ ಮುಂದೆ 'ಲಿಜ್ಜತ್' ಹಪ್ಪಳದ ಸಂಸ್ಥೆಯಾಗಿ ಬೆಳೆದು ಹತ್ತಾರು ಸಾವಿರ ಮಹಿಳೆಯರಿಗೆ ಜೀವನಾಧಾರವಾಯಿತು. ಅಲ್ಲಿ ದುಡಿಯುವ ಸದಸ್ಯೆಯರೇ ಸಂಸ್ಥೆಯ ಒಡತಿಯರು.

ಅಹಮದಾಬಾದಿನಲ್ಲಿ ಇಳಾ ಭಟ್ ಅವರು 1972ರಲ್ಲಿ 'ಸೇವಾ' ಸಂಘಟನೆಯನ್ನು ಸ್ಥಾಪಿಸಿದರು. ಬಡ ಮಹಿಳೆಯರಿಗೆ ಬ್ಯಾಂಕುಗಳ ಬಾಗಿಲು ಸುಲಭವಾಗಿ ತೆರೆಯದಿದ್ದಾಗ, 1974ರಲ್ಲಿ ನಾಲ್ಕು ಸಾವಿರ ಸದಸ್ಯೆಯರು ತಲಾ 10 ರೂಪಾಯಿಯ ಷೇರು ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಬೆಂಗಳೂರಿನಲ್ಲಿ 1983ರಲ್ಲಿ 'ಅವೇಕ್', ಹೈದರಾಬಾದಿನಲ್ಲಿ 1993ರಲ್ಲಿ 'ಅಲೀಪ್' ಎಂಬ ಮಹಿಳಾ ಉದ್ಯಮಿಗಳ ಸಂಘಗಳು ಹುಟ್ಟಿದವು.

ಸಂಪರ್ಕ ಬೆಳೆಸುವ ಬಗೆ

ಹೊರನಾಡಿನ ಕನ್ನಡ ಮಹಿಳೆಗೆ ಊರಿನ ಕನ್ನಡ ಸಂಘವು ಮೊದಲ ಮೆಟ್ಟಿಲಾಗಬಹುದು. ಆದರೆ ಅಲ್ಲಿಯೇ ನಿಂತರೆ ಮಾರುಕಟ್ಟೆ ಚಿಕ್ಕದಾಗಿಯೇ ಉಳಿಯುತ್ತದೆ. ತನ್ನ ಕಸುಬಿನಲ್ಲಿ ಪಳಗಿದವರು, ಮಾಲು ಒದಗಿಸುವವರು ಹಾಗೂ ಕೊಳ್ಳುವವರು, ಬ್ಯಾಂಕು ಮತ್ತು ಲೆಕ್ಕಪತ್ರ ಬಲ್ಲವರು, ಈ ಮೂರು ವರ್ಗದಲ್ಲೂ ನಂಬಿಕಸ್ಥ ಪರಿಚಯ ಇರುವುದು ಅಗತ್ಯ. ಜಿಲ್ಲಾ ಕೈಗಾರಿಕಾ ಕೇಂದ್ರ, ವಸ್ತುಪ್ರದರ್ಶನ ಹಾಗೂ ತರಬೇತಿ ಶಿಬಿರಗಳು ಇದಕ್ಕೆ ತಕ್ಕ ಸ್ಥಳಗಳು.

ಭೇಟಿಯಾದವರ ಹೆಸರು, ವ್ಯವಹಾರ ಮತ್ತು ಮಾತಿನ ಸಾರಾಂಶವನ್ನು ಅಂದೇ ಬರೆದಿಟ್ಟುಕೊಂಡು, ವಾರದೊಳಗೆ ಮರುಸಂಪರ್ಕ ಮಾಡುವುದು ಒಳ್ಳೆಯ ಪದ್ಧತಿ. "ಏನಾದರೂ ಸಹಾಯ ಮಾಡಿ" ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. "ಈ ಅಳತೆಯ ಡಬ್ಬಿಗಳನ್ನು ಸಗಟಾಗಿ ಯಾರು ಕೊಡುತ್ತಾರೆ?" ಎಂದು ನಿಶ್ಚಿತವಾಗಿ ಕೇಳಿದರೆ ಸುಲಭ. ತನ್ನಿಂದಾಗದ ಕೆಲಸಕ್ಕೆ ಬಂದ ಗಿರಾಕಿಯನ್ನು ಮತ್ತೊಬ್ಬ ಉದ್ಯಮಿಯ ಬಳಿಗೆ ಕಳುಹಿಸಿದಾಕೆಗೆ ಉಪಕಾರವು ಒಂದಲ್ಲ ಒಂದು ದಿನ ಮರಳಿ ಬರುತ್ತದೆ.

ಹೆಸರಿಗೆ ಮಾತ್ರ ಒಡೆತನ ಬೇಡ

ಉದ್ಯಮ ಮಹಿಳೆಯ ಹೆಸರಿನಲ್ಲಿದ್ದು, ಲೆಕ್ಕ ಮತ್ತು ನಿರ್ಧಾರ ಇತರರ ಕೈಯಲ್ಲಿರುವುದು ಅನೇಕ ಕಡೆ ಕಂಡುಬರುತ್ತದೆ. ಸಾಲ ತೀರದಿದ್ದರೆ ಹೊಣೆ ಮಾತ್ರ ಸಹಿ ಹಾಕಿದವಳದೇ. ಓದದೆ ಯಾವ ಪತ್ರಕ್ಕೂ ಸಹಿ ಹಾಕಕೂಡದು. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಬೇಕು. 1874ರ ವಿವಾಹಿತ ಮಹಿಳೆಯರ ಆಸ್ತಿ ಅಧಿನಿಯಮವು ಅನ್ವಯಿಸುವಲ್ಲಿ, ವಿವಾಹಿತೆ ತನ್ನ ದುಡಿಮೆಯಿಂದ ಗಳಿಸಿದ್ದು ಅವಳ ಸ್ವಂತ ಆಸ್ತಿಯೆಂದು ಅದು ಮಾನ್ಯ ಮಾಡಿದೆ.

2020ರ ಜುಲೈ 1ರಿಂದ ಜಾರಿಗೆ ಬಂದ 'ಉದ್ಯಮ್' ನೋಂದಣಿಗೆ ಶುಲ್ಕವಿಲ್ಲ. ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರ ಅಗತ್ಯ. ನೋಂದಾಯಿತ ಅತಿಸಣ್ಣ ಅಥವಾ ಸಣ್ಣ ಉತ್ಪಾದನಾ ಇಲ್ಲವೆ ಸೇವಾ ಉದ್ಯಮದಿಂದ ಮಾಲು ಅಥವಾ ಸೇವೆ ಪಡೆದವರು, 2006ರ ಅಧಿನಿಯಮದ ಪ್ರಕಾರ, ಒಪ್ಪಂದವಿದ್ದರೂ 45 ದಿನಗಳಿಗಿಂತ ಹೆಚ್ಚು ಕಾಲ ಹಣ ತಡೆಹಿಡಿಯುವಂತಿಲ್ಲ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಿಸಬೇಕು. ಕೇಂದ್ರ ಸರ್ಕಾರದ ಇಲಾಖೆಗಳು ಮತ್ತು ಉದ್ದಿಮೆಗಳು ತಮ್ಮ ವಾರ್ಷಿಕ ಖರೀದಿಯಲ್ಲಿ ಶೇ. 3ರಷ್ಟನ್ನು ಮಹಿಳಾ ಒಡೆತನದ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಪಡೆಯಬೇಕೆಂದು 2018ರಲ್ಲಿ ನಿಗದಿಯಾಯಿತು.

ಇಂತಹ ಸೌಲಭ್ಯಗಳಿದ್ದರೂ ಅವುಗಳ ಸುದ್ದಿ ಎಷ್ಟೋ ಮಹಿಳೆಯರನ್ನು ತಲುಪಿರುವುದಿಲ್ಲ. ಮೊದಲು ತಿಳಿದಾಕೆ ಮತ್ತೊಬ್ಬಳಿಗೆ ತಿಳಿಸಿದರೆ, ಅರ್ಜಿ ಬರೆಯಲು ಜೊತೆಗೆ ಕುಳಿತರೆ, ಆ ಕೊರತೆ ನೀಗುತ್ತದೆ. ವ್ಯವಹಾರ ಸಂಪರ್ಕದ ನಿಜವಾದ ಪ್ರಯೋಜನ ಇದೇ.