ಕ್ಲಚ್ಚಿನ ಸದ್ದು ಹೇಳುವುದೇನು?

ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರ್‌ಸೈಕಲ್ಲುಗಳಲ್ಲೊಂದು ಬೆಳಕವಾಡಿಯ ರಸ್ತೆಯಲ್ಲಿ ಗಡಗಡ ಸದ್ದು ಮಾಡಿದರೆ, ಅದನ್ನು ಬಿಚ್ಚುವ ಮೊದಲೇ ದೋಷದ ನೆಲೆಯನ್ನು ನಾವು ಊಹಿಸಬಹುದು.

ಎಂಜಿನ್ನು ಸರಪಳಿಯ ಮೂಲಕ ಕ್ಲಚ್ಚಿನ ಡ್ರಮ್ಮನ್ನು ಸದಾ ತಿರುಗಿಸುತ್ತಿರುತ್ತದೆ. ಆ ಚಲನೆಯನ್ನು ಗೇರ್ ಪೆಟ್ಟಿಗೆಗೆ ಮುಟ್ಟಿಸುವುದು ಪ್ಲೇಟುಗಳ ನಡುವಣ ಘರ್ಷಣೆ. ಕ್ಲಚ್ಚಿನ ಹಿಡಿಯನ್ನು ಒತ್ತಿದಾಗ ಪ್ಲೇಟುಗಳು ಬೇರ್ಪಡುತ್ತವೆ; ಡ್ರಮ್ಮು ಮಾತ್ರ ತಿರುಗುತ್ತಲೇ ಇರುತ್ತದೆ.

ಈಗ ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹಿಡಿಯನ್ನು ಒತ್ತಿ ಬಿಟ್ಟು ಆಲಿಸೋಣ. ಒತ್ತಿದಾಗ ಸದ್ದು ಅಡಗಿದರೆ ಗೇರ್ ಪೆಟ್ಟಿಗೆಯ ಬೇರಿಂಗನ್ನೂ, ಒತ್ತಿದಾಗಲೇ ಹುಟ್ಟಿದರೆ ಪುಶ್ ರಾಡನ್ನೂ ಸಡಿಲ ಪ್ಲೇಟುಗಳನ್ನೂ, ಎರಡು ಸ್ಥಿತಿಗಳಲ್ಲಿಯೂ ಉಳಿದರೆ ಸರಪಳಿಯನ್ನೂ ಡ್ರಮ್ಮನ್ನೂ ಮೊದಲು ಶಂಕಿಸಬೇಕು. ಸಡಿಲ ಸರಪಳಿ ತುಂಡಾದರೆ ಎಂಜಿನ್ನಿನ ಕವಚವನ್ನೇ ಒಡೆಯಬಲ್ಲದು, ಅದನ್ನು ಅಲಕ್ಷಿಸುವಂತಿಲ್ಲ.

ಒಂದೇ ಒಂದು ಸ್ಥಿತಿಯನ್ನು ಬದಲಿಸಿ ಫಲವನ್ನು ಗಮನಿಸುವುದು ಪ್ರಯೋಗಶಾಲೆಯ ಕ್ರಮ. ರಿಪೇರಿ ಅಂಗಡಿಯ ಕ್ರಮವೂ ಅದೇ.